ಸುರಂಗದ ಬಾವಿಯ ಮೂವತ್ತು ಮಾರು

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬಸವೇಶ್ವರನಗರದ ಒಂದು ಮನೆಯ ಹಿತ್ತಲಲ್ಲಿ ಚಿಕ್ಕಹನುಮಯ್ಯ ಬಾವಿಕಟ್ಟೆಯ ಮೇಲೆ ಕುಳಿತು ಪಾತಾಳಗರಡಿ ಇಳಿಬಿಟ್ಟಿದ್ದರು. ಕಬ್ಬಿಣದ ಬಳೆಗೆ ಹತ್ತು ಹನ್ನೆರಡು ಕೊಕ್ಕೆ ಜೋಡಿಸಿದ ಸಾಧನ ಅದು. ಹಗ್ಗ ಕಟ್ಟಿ ಬಾವಿಯ ತಳದಲ್ಲಿ ಎಳೆದಾಡಿದರೆ ಬಿದ್ದ ಕೊಡದ ಕಂಠ ಯಾವುದಾದರೊಂದು ಕೊಕ್ಕೆಗೆ ಸಿಕ್ಕಬೇಕು. ಸಿಕ್ಕದಿದ್ದರೆ ಅವರು ಶರಟು ಬಿಚ್ಚಿಟ್ಟು ತಾವೇ ಇಳಿಯುತ್ತಾರೆ. ಅಂದು ನಾಲ್ಕನೆಯ ಸಲಕ್ಕೆ ಸಿಕ್ಕಿತು. ಹಿತ್ತಾಳೆ ಕೊಡ, ಹೊಟ್ಟೆಯ ಹತ್ತಿರ ಸ್ವಲ್ಪ ನೆಗ್ಗಿತ್ತು.

ಮನೆಯಾಕೆ ಕೊಡವನ್ನು ತಿರುಗಿಸಿ ನೋಡುತ್ತ ಹೇಳಿದರು. "ನಲ್ಲಿ ಬಂದು ಐದು ವರ್ಷ ಆಯ್ತು. ಆದ್ರೂ ಬೇಳೆ ಬೇಯಕ್ಕೆ ಬಾವಿ ನೀರೇ ಬೇಕು ಅಂತಾರೆ ನಮ್ಮತ್ತೆ. ಅಲ್ಲ ಹನುಮಯ್ಯ, ನಿಮ್ಮ ಕಾಮಾಕ್ಷಿಪಾಳ್ಯದ ಸುರಂಗದ ಬಾವೀನ ಮುಚ್ತಾರಂತಲ್ಲ?"

ಹಗ್ಗ ಸುತ್ತುತ್ತಿದ್ದ ಕೈ ನಿಂತಿತು. "ಯಾವತ್ತಂತೆ?"

"ನಾಡಿದ್ದು, ಬುಧವಾರ. ನಮ್ಮನೆಯವರು ಆಫೀಸಲ್ಲಿ ಕೇಳ್ಕೊಂಡು ಬಂದ್ರು. ಬತ್ತಿದ ಬಾವಿ ಅಂತ ಕಾರ್ಪೊರೇಷನ್ನೋರು ಲಾರೀಲಿ ಮಣ್ಣು ತಂದು ಸುರೀತಾರಂತೆ. ಕೂತ್ಕೊಳ್ಳಿ, ಕಾಫಿ ತರ್ತೀನಿ."

ಕಾಫಿ ತಂದಾಗ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಪಾತಾಳಗರಡಿ ಮಾತ್ರ ನೀರು ಸುರಿಸುತ್ತ ಅಲ್ಲೇ ಬಿದ್ದಿತ್ತು. ಮೂವತ್ತು ವರ್ಷಗಳಲ್ಲಿ ಅದನ್ನು ಅವರು ಬೇರೆಯವರ ಮನೆಯಲ್ಲಿ ಬಿಟ್ಟುಹೋದದ್ದು ಅದೇ ಮೊದಲು.

ಚಿಕ್ಕಹನುಮಯ್ಯನವರಿಗೆ ಈ ವರ್ಷಕ್ಕೆ, ಎಂದರೆ ೧೯೭೯ಕ್ಕೆ, ಐವತ್ತೆರಡು. ಹುಟ್ಟಿದ್ದು, ಬೆಳೆದದ್ದು ಕಾಮಾಕ್ಷಿಪಾಳ್ಯದಲ್ಲಿ. ತಂದೆ ಬಾವಿ ತೋಡುತ್ತಿದ್ದರು, ಮಗ ತೋಡಿದ ಬಾವಿಗಳಿಗೆ ಇಳಿಯುವವನಾದ. ಮಾಗಡಿ ರಸ್ತೆಯಿಂದ ಕೆಂಗೇರಿಯವರೆಗೆ ಯಾವ ಬಾವಿಯಲ್ಲಿ ಎಷ್ಟು ಆಳು ನೀರು, ಯಾವುದರ ಗೋಡೆ ಸಡಿಲ, ಯಾವುದರ ಕಲ್ಲಿನ ಸಂದಿಯಲ್ಲಿ ಹಾವು ಮರಿ ಮಾಡಿದೆ ಎಂಬುದು ಅವರಿಗೆ ಬಾಯಿಪಾಠ. ಕೊಡ, ಬಕೆಟ್ಟು, ಕಾಲುಚೈನು, ಒಮ್ಮೆ ಒಂದು ಹೊಲಿಗೆ ಮಿಷನ್ನಿನ ತಲೆ, ಹೀಗೆ ಬಿದ್ದದ್ದನ್ನೆಲ್ಲ ಮೇಲೆತ್ತಿದ್ದಾರೆ. ಹೆಣಗಳನ್ನೂ ಎತ್ತಿದ್ದಾರೆ. ಅದರ ಬಗ್ಗೆ ಮಾತಾಡುವುದಿಲ್ಲ.

ಅವರು ಮಾತಾಡುತ್ತಿದ್ದದ್ದು ಸುರಂಗದ ಬಾವಿಯ ಬಗ್ಗೆ. ಇದು ಅವರ ಮನೆಯಿಂದ ಮೂರನೆಯ ಬೀದಿಯಲ್ಲಿದೆ. ಚೌಕದ ಬಾವಿ, ಒಂದು ಬದಿಗೆ ಕಲ್ಲಿನ ಮೆಟ್ಟಿಲು. ಬಾವಿ ತೋಡುವಾಗ ನೀರಿನ ಸೆಲೆ ಪಕ್ಕದಿಂದ ಬಂದರೆ ಅದನ್ನು ಹಿಂಬಾಲಿಸಿ ಅಡ್ಡಕ್ಕೆ ಕೊರೆಯುವುದುಂಟು. ಇಲ್ಲಿಯೂ ಹಾಗೆ ಯಾರೋ ಹಿಂದಿನವರು ಕೊರೆದಿದ್ದರು. ಮೂರಾಳು ನೀರಿನ ತಳದಲ್ಲಿ, ಪಡುವಣ ಗೋಡೆಯಲ್ಲಿ, ಒಬ್ಬ ಮನುಷ್ಯ ಭುಜ ಓರೆ ಮಾಡಿಕೊಂಡು ನುಗ್ಗಬಹುದಾದಷ್ಟು ಅಗಲದ ಬಾಯಿ. ನೀರು ಅದರೊಳಗಿಂದಲೇ ಬರುತ್ತಿತ್ತು. ಒಂದು ಆಮೆಯೂ ಅದರೊಳಗಿಂದಲೇ ಬರುತ್ತಿತ್ತು. ನೀರು ತಿಳಿಯಾಗಿರಲೆಂದು ಬಾವಿಗೆ ಆಮೆ ಬಿಡುವ ರೂಢಿಯಲ್ಲಿ ಯಾರೋ ಎಂದೋ ಬಿಟ್ಟಿದ್ದು. ಮಧ್ಯಾಹ್ನ ಬಿಸಿಲು ನೇರವಾಗಿ ಬಿದ್ದಾಗ ಕೆಳಗಿನ ಮೆಟ್ಟಿಲ ಬಳಿ ತಲೆ ಎತ್ತುತ್ತಿತ್ತು. ಚಿಕ್ಕಹನುಮಯ್ಯನವರ ಹೆಂಡತಿ ಮುನಿತಾಯಮ್ಮ ಒಂದು ಹಿಡಿ ಅನ್ನ ತಂದು ಹಾಕುತ್ತಿದ್ದರು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗೆಳೆಯರು ಕೆಣಕಿದರೆಂದು ಚಿಕ್ಕಹನುಮಯ್ಯ ಆ ಬಾಯೊಳಗೆ ತಲೆ ಮತ್ತು ಎರಡು ಭುಜ ತೂರಿಸಿದ್ದರು. ಕತ್ತಲು. ತಣ್ಣಗಿನ ಏನೋ ಒಂದು ಕುತ್ತಿಗೆಯನ್ನು ಸವರಿಕೊಂಡು ಹೋಯಿತು. ಅದು ಆಮೆ ಎಂದು ಹೊರಬಂದ ಮೇಲೆ ತಿಳಿಯಿತು. ಒಳಗಿದ್ದಾಗ ಅದು ಏನು ಬೇಕಾದರೂ ಆಗಿತ್ತು. ಹಿಂದಕ್ಕೆ ಜಾರಿ, ಬಾಯಿಯ ಪಕ್ಕದ ಕಲ್ಲು ಹಿಡಿದು, ಉಸಿರು ಮುಗಿಯುವವರೆಗೆ ಅಲ್ಲೇ ಇದ್ದು ಮೇಲೆ ಬಂದರು.

"ಎಷ್ಟು ದೂರ ಹೋಗಿದ್ಯೋ?" ಎಂದು ಮೆಟ್ಟಿಲ ಮೇಲಿದ್ದವರು ಕೇಳಿದರು.

"ಮೂವತ್ತು ಮಾರು."

ಎರಡೂ ಕೈ ಚಾಚಿದರೆ ಒಂದು ಮಾರು. ಹೋಗುವಾಗ ಮೂವತ್ತು, ಬರುವಾಗ ಮೂವತ್ತು, ಒಟ್ಟು ಅರವತ್ತು ಮಾರು ಒಂದೇ ಉಸಿರಿಗೆ ಆಗುವ ಮಾತೇ ಎಂದು ಯಾರೂ ಕೇಳಲಿಲ್ಲ. ಸುರಂಗ ಮಾಗಡಿ ಕೋಟೆಗೆ ಹೋಗುತ್ತದೆ ಎಂಬ ಮಾತನ್ನು ಜನ ತಾವೇ ಸೇರಿಸಿಕೊಂಡರು. ಟೀ ಅಂಗಡಿಯಲ್ಲಿ ಹೊಸಬರು ಬಂದರೆ ಯಾರಾದರೂ ಅವರ ಬೆನ್ನು ತಟ್ಟಿ "ಇವ್ನೇ ಗುರು, ಮೂವತ್ತು ಮಾರು" ಎನ್ನುತ್ತಿದ್ದರು. ಇಪ್ಪತ್ತೇಳು ವರ್ಷ ಹಾಗೇ ನಡೆಯಿತು.

೧೯೭೪ರ ಜನವರಿಯಲ್ಲಿ ರಾಜಾಜಿನಗರದಲ್ಲಿ ನೆಲೆಸಿದ್ದ ದಾವಣಗೆರೆಯ ಒಂದು ಕುಟುಂಬದವರು ಚಿಕ್ಕಹನುಮಯ್ಯನವರಿಗೆ ಹೇಳಿಕಳಿಸಿದರು. ನೀರು ಸೇದುವಾಗ ಅಜ್ಜಿಯ ಕೊರಳ ದಾರ ಕಡಿದು ಬೆಳ್ಳಿಯ ಕರಡಿಗೆ ಬಾವಿಗೆ ಬಿದ್ದಿತ್ತು. ಒಳಗೆ ಇಷ್ಟಲಿಂಗ. ಅದು ಸಿಗುವವರೆಗೆ ತುತ್ತು ಮುಟ್ಟುವುದಿಲ್ಲವೆಂದು ಅಜ್ಜಿ ಬಾವಿಯ ಪಕ್ಕ ಕುಳಿತಿದ್ದರು. ಪೂಜೆಯ ವಸ್ತುವಿಗೆ ಕೊಕ್ಕೆ ಹಾಕಬಾರದೆಂದು ಚಿಕ್ಕಹನುಮಯ್ಯ ನೇರವಾಗಿ ಮುಳುಗಿದರು. ಅವರ ತಲೆಗಿಂತ ಮೊದಲು ಕೈ ನೀರಿನಿಂದ ಮೇಲೆ ಬಂತು. ಕೈಯಲ್ಲಿ ಕರಡಿಗೆ ಇತ್ತು.

ಆ ಮನೆಯ ಮಹಡಿಯಲ್ಲಿ ಆಗ ಒಬ್ಬ ವಿದೇಶಿ ಇಳಿದುಕೊಂಡಿದ್ದ. ಎರಿಕ್, ಡೆನ್ಮಾರ್ಕಿನವನು, ವಯಸ್ಸು ಇಪ್ಪತ್ತೆಂಟು. ಮನೆಯ ಯಜಮಾನರಿಗೆ ರೈಲಿನಲ್ಲಿ ಪರಿಚಯವಾಗಿದ್ದವನು. ತಲೆಗಿಂತ ಎತ್ತರದ ಕ್ಯಾನ್ವಾಸ್ ಚೀಲವನ್ನು ಬೆನ್ನಿಗೆ ಕಟ್ಟಿಕೊಂಡು ನಾಲ್ಕು ವರ್ಷದಿಂದ ದೇಶ ಸುತ್ತುತ್ತಿದ್ದ. ಬೀದಿಯವರು ಅವನಿಗೆ ಮೂಟೆ ಸಾಹೇಬ ಎಂದು ಹೆಸರಿಟ್ಟಿದ್ದರು. ಚೀಲದಲ್ಲಿ ಬಟ್ಟೆಗಿಂತ ಹೆಚ್ಚಾಗಿ ಇದ್ದದ್ದು ನೀರೊಳಗೆ ನೋಡುವ ಗಾಜಿನ ಮುಖವಾಡ, ನೀರು ಹೊಗದ ಟಾರ್ಚು, ಹಗ್ಗ. ಸಿಂಹಳದಲ್ಲಿ, ಫಿಲಿಪೀನ್ಸಿನ ದ್ವೀಪಗಳಲ್ಲಿ ನೀರು ತುಂಬಿದ ಗುಹೆಗಳಿಗೆ ಇಳಿದಿದ್ದ. ಚಿಕ್ಕಹನುಮಯ್ಯ ಮುಳುಗಿದಾಗ ಅವನು ಗಡಿಯಾರ ನೋಡುತ್ತಿದ್ದ. ಒಂದು ನಿಮಿಷ ಐವತ್ತು ಸೆಕೆಂಡು.

ಅವನ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಿದ್ದು ಆ ಮನೆಯ ಮಗಳು ಜಗದಾಂಬಾ. ಆಗ ಬಿ.ಎಸ್ಸಿ. ಓದುತ್ತಿದ್ದರು.

"ನೀವು ಹೋಗಿರೋದ್ರಲ್ಲಿ ಎಲ್ಲಕ್ಕಿಂತ ಕಷ್ಟದ ಜಾಗ ಯಾವುದು ಅಂತ ಕೇಳ್ತಿದಾನೆ ಹನುಮಯ್ಯನೋರೆ."

ಅಭ್ಯಾಸಬಲದಿಂದ ಉತ್ತರ ಬಂತು. "ಸುರಂಗದ ಬಾವಿ ಕಣವ್ವ. ಮೂವತ್ತು ಮಾರು ಒಳಗೆ ಹೋಗಿದ್ದೆ ಅನ್ನಿ."

ಎರಿಕ್ ಒಂದು ಸಣ್ಣ ಪುಸ್ತಕದಲ್ಲಿ ಅದನ್ನು ಬರೆದುಕೊಂಡ. ಆ ಬಾವಿ ನೋಡಬೇಕು ಎಂದ.

ಮುಂದಿನ ಮೂರು ವಾರ ಇಬ್ಬರೂ ಜೊತೆಯಲ್ಲಿ ಸುತ್ತಿದರು. ಭಾನುವಾರಗಳಲ್ಲಿ ಜಗದಾಂಬಾ ತಂದೆಯೊಡನೆ ಬರುತ್ತಿದ್ದರು, ಉಳಿದ ದಿನ ಕೈಸನ್ನೆಯಲ್ಲೇ ಮಾತು. ಕೆಂಗೇರಿಯ ಆಚೆ ದೊಡ್ಡ ಆಲದ ಮರದಲ್ಲಿ ಒಂದು ಹೆಣ್ಣು ಮಂಗ ಎರಿಕ್‌ನ ಮುಖವಾಡ ಕಸಿದುಕೊಂಡು ಕೊಂಬೆಯ ಮೇಲೆ ಕುಳಿತು ಗಾಜಿನಲ್ಲಿ ತನ್ನ ಮುಖ ನೋಡಿಕೊಂಡಿತು. ಆರು ಬಾಳೆಹಣ್ಣು ಕೊಟ್ಟ ಮೇಲೆ ಬಿಟ್ಟಿತು. ಬ್ಯಾಡರಹಳ್ಳಿಯ ಹತ್ತಿರ ಒಂದು ಹಲಸಿನ ಮರದಲ್ಲಿ ಹಗಲು ಮುದುಡಿ ಮಲಗಿದ್ದ ಕಾಡುಪಾಪವನ್ನು ಚಿಕ್ಕಹನುಮಯ್ಯ ತೋರಿಸಿದರು. ಎರಿಕ್ ಅದರ ಕೆಳಗೆ ಒಂದು ಗಂಟೆ ಕುಳಿತಿದ್ದ. ಹಾಳು ಬಾವಿಯೊಂದರಲ್ಲಿ ನೀರೊಳ್ಳೆ ಹಾವು ಅವನ ಹೆಬ್ಬೆರಳು ಕಚ್ಚಿದಾಗ ಮೇಲಿದ್ದವರು ಬೊಬ್ಬೆ ಹಾಕಿದರು. ಚಿಕ್ಕಹನುಮಯ್ಯ ನಕ್ಕು, ವಿಷವಿಲ್ಲ ಎಂದು ತೋರಿಸಲು ಅದೇ ಹಾವಿನ ಬಾಯಿಗೆ ತಮ್ಮ ಬೆರಳಿಟ್ಟರು. ಅದು ಕಚ್ಚಿತು. ಇಬ್ಬರೂ ಬೆರಳು ಚೀಪುತ್ತ ಮೆಟ್ಟಿಲ ಮೇಲೆ ಕುಳಿತು ಬೀಡಿ ಸೇದಿದರು. ಅಷ್ಟು ಸಂತೋಷವನ್ನು ಗಂಡನ ಮುಖದಲ್ಲಿ ತಾವು ಮತ್ತೆ ನೋಡಲಿಲ್ಲ ಎನ್ನುತ್ತಾರೆ ಮುನಿತಾಯಮ್ಮ.

ಸುರಂಗದ ಬಾವಿಯನ್ನು ಚಿಕ್ಕಹನುಮಯ್ಯ ಮುಂದೂಡುತ್ತಲೇ ಬಂದರು. ನೀರು ಕದಡಿದೆ, ಮದುವೆ ಮನೆಯವರು ನೀರು ಸೇದುತ್ತಿದ್ದಾರೆ, ಮೈಲಿಗೆಯಾಗಿದೆ. ಕೊನೆಗೆ ಎರಿಕ್ ಹೊರಡುವ ದಿನ ಗೊತ್ತಾಯಿತು. ಶಿವರಾತ್ರಿಯ ಮೂರನೆಯ ದಿನ ಇಳಿಯುವುದೆಂದು ನಿಶ್ಚಯವಾಯಿತು. ಟಾರ್ಚು ಹಿಡಿದು ಹೋಗುವವನಿಗೆ ಸುರಂಗ ಎಷ್ಟು ಉದ್ದ ಎಂಬುದು ಕಂಡುಹೋಗುತ್ತದೆ. ಅದು ಐದೇ ಮಾರಿಗೆ ಮುಗಿದರೆ? ಚಿಕ್ಕಹನುಮಯ್ಯನವರಿಗೆ ತಿಳಿಯದಿದ್ದದ್ದು ಅದೊಂದೇ.

ಶಿವರಾತ್ರಿಯ ಮಾರನೆಯ ದಿನ ಅಮಾವಾಸ್ಯೆ. ಅಮಾವಾಸ್ಯೆಯಂದು ಬಾವಿಗೆ ಇಳಿಯಬಾರದು ಎಂಬುದು ಅವರ ತಂದೆ ಹಾಕಿಕೊಟ್ಟ ನಿಯಮ, ಅಂದಿನವರೆಗೆ ಅವರು ಮುರಿದಿರಲಿಲ್ಲ. ಹಿಂದಿನ ರಾತ್ರಿಯೆಲ್ಲ ಜಾಗರಣೆ ಮಾಡಿದ್ದ ಬೀದಿ ಅಂದು ಮಧ್ಯಾಹ್ನ ಬಾಗಿಲು ಹಾಕಿ ಮಲಗಿತ್ತು. ಚಿಕ್ಕಹನುಮಯ್ಯ ಕುಸಿದ ಕಟ್ಟೆಯ ಕಲ್ಲುಗಳನ್ನೂ ಒಂದು ಬುಟ್ಟಿ ಜೇಡಿಮಣ್ಣನ್ನೂ ಮೆಟ್ಟಿಲ ಬಳಿ ಇಳಿಸಿಕೊಂಡರು. ಒಂದೊಂದೇ ಕಲ್ಲು ಎದೆಗವಚಿಕೊಂಡು ಹದಿನೇಳು ಸಲ ಮುಳುಗಿದರು. ಸುರಂಗದ ಬಾಯಿ ಮುಚ್ಚಿತು. ಸಂದಿಗಳಿಗೆ ಜೇಡಿಮಣ್ಣು ಮೆತ್ತಿದರು. ಮೇಲೆ ಬಂದು ಮೆಟ್ಟಿಲ ಮೇಲೆ ಕುಳಿತಾಗ ಬಿಸಿಲು ನೇರವಾಗಿ ನೀರಿಗೆ ಬಿದ್ದಿತ್ತು. ಆಮೆ ತಲೆ ಎತ್ತುವ ಹೊತ್ತು. ಅದು ಎತ್ತಲಿಲ್ಲ.

ಒಳಗೆ ಇದೆಯೋ ಹೊರಗೆ ಇದೆಯೋ ಎಂದು ಅವರು ನೋಡಿರಲಿಲ್ಲ. ಮತ್ತೆ ಮುಳುಗಿ ಕಲ್ಲು ತೆಗೆಯಬೇಕೆಂದು ಎರಡು ಸಲ ನೀರಿನ ಅಂಚಿನವರೆಗೆ ಹೋದರು. ಅಷ್ಟರಲ್ಲಿ ಯಾರದೋ ಮನೆಯ ಬಾಗಿಲು ತೆರೆದ ಸದ್ದಾಯಿತು. ಬಟ್ಟೆ ಎತ್ತಿಕೊಂಡು ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಅರ್ಧ ಬೀದಿ ಬಾವಿಯ ಸುತ್ತ ನಿಂತಿತ್ತು. ಹಿಂದಿನ ದಿನದ ಜೇಡಿಮಣ್ಣಿಗೆ ನೀರು ಇನ್ನೂ ಕದಡಿತ್ತು. ಎರಿಕ್ ಮುಳುಗಿದ, ಎದ್ದ, ಮತ್ತೆ ಮುಳುಗಿದ. ಕೊನೆಗೆ ಮೆಟ್ಟಿಲ ಮೇಲೆ ಕುಳಿತು ಮುಖವಾಡ ತೆಗೆದು ಏನೋ ಹೇಳಿದ.

"ಬಾಯಿ ಕುಸಿದು ಮುಚ್ಚಿಹೋಗಿದೆಯಂತೆ," ಎಂದರು ಜಗದಾಂಬಾ.

"ಅಯ್ಯೋ, ಕುಸಿದೋಯ್ತಾ?" ಎಂದರು ಚಿಕ್ಕಹನುಮಯ್ಯ. ಆ ಒಂದು ಮಾತು ಆಡಿದ್ದು ಹದಿನೇಳು ಸಲ ಮುಳುಗಿದ್ದಕ್ಕಿಂತ ಕಷ್ಟವಾಯಿತು ಎಂದು ಅವರು ಈಗ ಹೇಳುತ್ತಾರೆ.

ಎರಿಕ್ ಮತ್ತೆ ಮಾತಾಡಿದ. ಜಗದಾಂಬಾ ನಗುತ್ತ ತಿರುಗಿಸಿದರು. "ಬೇಜಾರು ಮಾಡ್ಕೋಬೇಡಿ ಅಂತಿದಾನೆ. ಹೇಗಿದ್ರೂ ಒಳಗೆ ಹೋಗ್ತಿರ್ಲಿಲ್ಲವಂತೆ. ಜೊತೆಗೆ ಇನ್ನೊಬ್ಬ, ಎರಡು ಟಾರ್ಚು, ಗಾಳಿ ಸಿಲಿಂಡರ್ ಇಲ್ದೆ ಇಂಥ ಕಡೆ ಹೋಗೋದಿಲ್ಲವಂತೆ. ಬಾಯಿ ಹತ್ರ ಬೆಳಕು ಬಿಟ್ಟು ಆಮೆ ನೋಡ್ಬೇಕು ಅಂತಿದ್ನಂತೆ, ಅಷ್ಟೆ."

ಚಿಕ್ಕಹನುಮಯ್ಯ ನೀರನ್ನೇ ನೋಡುತ್ತಿದ್ದರು.

"ಮೂವತ್ತು ಮಾರು ಒಳಗೆ ಏನು ಕಂಡಿತು ಅಂತ ಕೇಳ್ತಿದಾನೆ."

"ಕತ್ತಲು ಅಂತ ಹೇಳವ್ವ."

ಎರಿಕ್ ಅದನ್ನೂ ಬರೆದುಕೊಂಡ. ಅವರನ್ನು ಬಾವಿಯ ಮುಂದೆ ನಿಲ್ಲಿಸಿ ಫೋಟೋ ತೆಗೆದ. ಎರಡು ದಿನದ ನಂತರ ಮೂಟೆ ಬೆನ್ನಿಗೇರಿಸಿ ರೈಲು ಹತ್ತಿದ.

ಅದೇ ಬೇಸಿಗೆಯಲ್ಲಿ ನೀರು ಒಂದಾಳು ಇಳಿಯಿತು. ಮುಂದಿನ ಬೇಸಿಗೆಗೆ ಸೊಂಟದವರೆಗೆ ಬಂತು. ಆ ವರ್ಷಗಳಲ್ಲಿ ಸುತ್ತಮುತ್ತ ವರ್ಕ್‌ಷಾಪುಗಳು ಬಂದು ಮೂರು ನಾಲ್ಕು ಬೋರ್‌ವೆಲ್ ಕೊರೆದಿದ್ದವು. ಎಷ್ಟು ಪಾಲು ಬೋರ್‌ವೆಲ್ಲಿನದು, ಎಷ್ಟು ಪಾಲು ಒಂದು ಬುಟ್ಟಿ ಜೇಡಿಮಣ್ಣಿನದು ಎಂದು ಯಾರೂ ಹೇಳಲಾರರು. ಬೀದಿಯವರು ಬೋರ್‌ವೆಲ್ಲನ್ನು ಬೈದರು, ಕಾಣದಾದ ಆಮೆಯೊಡನೆ ಬಾವಿಯ ಕಳೆಯೂ ಹೋಯಿತೆಂದರು. ಮುನಿತಾಯಮ್ಮ ಕೆಲವು ದಿನ ಅನ್ನ ತಂದು ಮೆಟ್ಟಿಲ ಮೇಲಿಟ್ಟರು. ಕಾಗೆ ತಿಂದಿತು.

೧೯೭೬ರ ಏಪ್ರಿಲ್‌ನಲ್ಲಿ ಎಲ್ಲರೂ ಸೇರಿ ಹೂಳು ತೆಗೆಸಲು ನಿರ್ಧರಿಸಿದರು. ಎರಡು ಮಳೆಗಾಲದಲ್ಲಿ ಕುಸಿದ ಕಟ್ಟೆಯ ಕಡೆಯಿಂದ ಮಣ್ಣು ಇಳಿದು ಸುರಂಗದ ಬಾಯಿಯೂ ಹೂಳಿನಡಿ ಸೇರಿತ್ತು. ಕೆಲಸದ ಮುಂದಾಳು ಚಿಕ್ಕಹನುಮಯ್ಯನವರೇ. ಬಾವಿಯ ವಿಷಯದಲ್ಲಿ ಅವರ ಮಾತಿಗೆ ಎದುರಾಡುವವರಿರಲಿಲ್ಲ. ಎಂಟು ಜನ ನಾಲ್ಕು ದಿನ ಬುಟ್ಟಿಯಲ್ಲಿ ಕೆಸರು ಎತ್ತಿದರು. ನಾಲ್ಕನೆಯ ದಿನ ಸಂಜೆ ಗುದ್ದಲಿ ಸುರಂಗದ ಬಾಯಿಯಿಂದ ಎರಡು ಮೊಳ ಮೇಲಿತ್ತು. ಇನ್ನೊಂದು ದಿನ ತೆಗೆದರೆ ಕಲ್ಲುಗಳು ಕಾಣುತ್ತವೆ. ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿದ ಕಲ್ಲು. ತಾನಾಗಿ ಕುಸಿದದ್ದು ಹಾಗಿರುವುದಿಲ್ಲ.

"ಸಾಕು, ಮೇಲೆ ಬನ್ನಿ," ಎಂದು ಚಿಕ್ಕಹನುಮಯ್ಯ ಕೂಗಿದರು. "ಕೆಳಗೆ ಬಂಡೆ."

ಎಂಟು ಜನವೂ ಮೇಲೆ ಬಂದರು. ಯಾರೂ ಬಗ್ಗಿ ನೋಡಲಿಲ್ಲ.

ಎರಿಕ್‌ಗೆ ಹೇಳಿದ್ದು ಜಂಬದ ಸುಳ್ಳು, ಅದಕ್ಕೆ ನಗಬಹುದಿತ್ತು. ಬಂಡೆಯ ಸುಳ್ಳು ಹಾಗಲ್ಲ. ಬಾವಿಗೆ ಎದುರು ಮನೆಯ ನರಸಮ್ಮ ಅಂದಿನಿಂದ ಎರಡು ಕೊಡ ಹೊತ್ತು ಬಸವೇಶ್ವರನಗರದ ನಲ್ಲಿಯವರೆಗೆ ನಡೆದರು, ಮೂರು ವರ್ಷ. ಅವರು ಹಾದುಹೋಗುವ ಹೊತ್ತಿಗೆ ಚಿಕ್ಕಹನುಮಯ್ಯ ಆದಷ್ಟೂ ಮನೆಯೊಳಗೆ ಇರುತ್ತಿದ್ದರು. ಎರಿಕ್ ಕಳಿಸಿದ ಫೋಟೋ ಕನ್ನಡಿಯ ಪಕ್ಕ ಗೋಡೆಗೆ ಮುಖ ಮಾಡಿ ನೇತಾಡುತ್ತಿತ್ತು. ಅದನ್ನು ಮುನಿತಾಯಮ್ಮ ತಿರುಗಿಸಿ ಹಾಕಿದಾಗಲೆಲ್ಲ ಅವರು ಮತ್ತೆ ಗೋಡೆಗೆ ತಿರುಗಿಸುತ್ತಿದ್ದರು. ಕೊನೆಗೆ ಕಾರಣ ಕೇಳಿದ ಹೆಂಡತಿಗೆ ಎಲ್ಲವನ್ನೂ ಹೇಳಿದರು. ಆಕೆ ಕೇಳಿದ್ದು ಒಂದೇ. "ನಾನು ಅನ್ನ ಇಡ್ತಿದ್ದಾಗ ನೋಡ್ಕೊಂಡು ಸುಮ್ನಿದ್ರಲ್ಲ?"

ಹೀಗಿರುವಾಗ ಸೋಮವಾರ ಬಾವಿ ಮುಚ್ಚುವ ಸುದ್ದಿ ಬಂತು. ಮಣ್ಣು ಬಿದ್ದರೆ ಆ ಕಲ್ಲುಗಳ ಹಿಂದೆ ಏನಿದೆ ಎಂಬುದು ಎಂದಿಗೂ ತಿಳಿಯುವುದಿಲ್ಲ. ಇಳಿಯಬೇಕೆಂದರೆ ಅಪ್ಪಣೆ ಬೇಕು, ಅಪ್ಪಣೆ ಕೇಳಿದರೆ ಕಾರಣ ಹೇಳಬೇಕು.

ಮಂಗಳವಾರ ಹತ್ತು ಗಂಟೆಗೆ ಓವರ್‌ಸಿಯರ್ ಚನ್ನಮಲ್ಲಪ್ಪ ಬಾವಿಯ ಸುತ್ತ ಸುಣ್ಣದ ಗೆರೆ ಹಾಕಿಸುತ್ತಿದ್ದರು. ವಿಜಾಪುರದ ಕಡೆಯವರು, ನಿಧಾನದ ಮನುಷ್ಯ.

"ಸಾರ್, ನಂಗೆ ಒಂದು ದಿನ ಕೊಡಿ. ಕೆಳಗೆ ಇಳೀಬೇಕು."

"ಯಾಕ್ರೀ? ಏನರ ಬಿದ್ದೈತೇನು?"

"ಬಿದ್ದಿಲ್ಲ ಸಾರ್. ನಾನೇ ಇಟ್ಟಿದೀನಿ."

ಸುಣ್ಣ ಹಾಕುತ್ತಿದ್ದವನು ಕೈ ನಿಲ್ಲಿಸಿದ. ಚಿಕ್ಕಹನುಮಯ್ಯ ತಗ್ಗಿದ ದನಿಯಲ್ಲೇ ಹೇಳಿದರು, ಆದರೆ ಬೀದಿ ಕಿರಿದು. ಕಲ್ಲು, ಜೇಡಿಮಣ್ಣು, ಬಂಡೆ ಎಂದದ್ದು, ಕೊನೆಯಲ್ಲಿ ಮೂವತ್ತು ಮಾರು. "ಒಂದು ಮಾರೂ ಹೋಗಿರ್ಲಿಲ್ಲ ಸಾರ್. ತಲೆ ತೂರ್ಸಿದ್ದೆ ಅಷ್ಟೆ."

ನರಸಮ್ಮ ಬಾಗಿಲಲ್ಲಿ ನಿಂತಿದ್ದರು. "ಹಂಗಾದ್ರೆ ಬಂಡೆ ಇರ್ಲಿಲ್ವಾ?"

"ಇರ್ಲಿಲ್ಲ ನರಸಮ್ಮ."

"ನನ್ನ ಸೊಂಟ ಹೋಯ್ತು ಕಣಯ್ಯ ನೀರು ಹೊತ್ತು ಹೊತ್ತು. ದಾರೀಲಿ ಸಿಕ್ದಾಗ ಹೆಂಗಿದೀಯಮ್ಮ ಅಂತ ಕೇಳ್ತಿದ್ಯಲ್ಲ, ಅದನ್ನಾದ್ರೂ ಬಿಡ್ಬೋದಿತ್ತು. ಏನ್ ಧೈರ್ಯವಂತನಪ್ಪ, ಪಾತಾಳಕ್ಕೆ ಇಳಿಯೋನು!" ಮತ್ತೆ ಕೇಳಿದರು. "ಆಮೆ?"

"ಗೊತ್ತಿಲ್ಲ."

ನರಸಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಚನ್ನಮಲ್ಲಪ್ಪ ಕಾಗದ ಮಡಚಿ ಜೇಬಿಗಿಟ್ಟುಕೊಂಡರು. "ಆರ್ಡರ್ ಆಗೈತ್ರಿ, ಬಾವಿ ಅಂತೂ ಉಳಿಯಂಗಿಲ್ಲ. ನಾಳೆ ಲಾರಿ ಎಂಟಕ್ಕ ಬರ್ತಾವ. ಅದಕ್ಕ ಮೊದಲ ಇಳಿದು ಬರ್ರಿ. ಕೆಳಗ ಕೆಟ್ಟ ಗಾಳಿ ಇರ್ತೈತಿ, ದೀಪ ಇಳಿಸಿ ನೋಡಿ ಆಮ್ಯಾಲ ಇಳೀರಿ."

ಮಧ್ಯಾಹ್ನ ಚಿಕ್ಕಹನುಮಯ್ಯ ರಾಜಾಜಿನಗರಕ್ಕೆ ಹೋದರು. ಜಗದಾಂಬಾ ಈಗ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಾರೆ. ಎರಿಕ್‌ಗೆ ಒಂದು ಕಾಗದ ಬರೆದುಕೊಡಬೇಕೆಂದು ಕೇಳಿ, ಬರೆಯಬೇಕಾದದ್ದನ್ನು ಹೇಳಿದರು. ಜಗದಾಂಬಾ ಪೆನ್ನು ಹಿಡಿದುಕೊಂಡೇ ಕುಳಿತರು.

"ಅವನಿಗೆ ಗೊತ್ತಿತ್ತು ಹನುಮಯ್ಯನೋರೆ."

"ಏನು?"

"ನೀವು ಮೂವತ್ತು ಮಾರು ಅಂದ ದಿನಾನೇ ಲೆಕ್ಕ ಹಾಕ್ದ. ಒಂದು ಉಸಿರಿಗೆ ಆಗಲ್ಲ ಅಂದ. ನಾನು ಕೇಳ್ಲಾ ಅಂದೆ. ಬೇಡ, ನೀರಿಗಿಳಿಯೋ ಎಲ್ಲರ ಹತ್ರಾನೂ ಇಂಥದೊಂದು ಇರುತ್ತೆ, ನನ್ನ ಹತ್ರಾನೂ ಇದೆ ಅಂದ. ನಿಮಗೆ ಹೇಳಿದ್ರೆ ಅವಮಾನ ಆಗುತ್ತೆ ಅಂತ ನಾನು ಹೇಳ್ಲಿಲ್ಲ."

ಒಳಮನೆಯಲ್ಲಿ ಅಜ್ಜಿ ಪೂಜೆಗೆ ಕುಳಿತಿದ್ದರು, ಕರಡಿಗೆ ತೆರೆದ ಸಣ್ಣ ಸದ್ದು ಕೇಳಿಸಿತು.

"ಆದ್ರೂ ಬರೀರವ್ವ," ಎಂದರು ಚಿಕ್ಕಹನುಮಯ್ಯ. "ಆಮೆ ವಿಷಯಾನೂ ಬರೀರಿ."

ಕಾಗದವನ್ನು ಸಂಜೆಯೇ ಅಂಚೆಗೆ ಹಾಕಿದ್ದಾರೆ. ವಿಳಾಸ ನಾಲ್ಕು ವರ್ಷ ಹಳೆಯದು. ಬಸವೇಶ್ವರನಗರದಲ್ಲಿ ಬಿಟ್ಟುಬಂದಿದ್ದ ಪಾತಾಳಗರಡಿಯನ್ನು ವಾಪಸು ತಂದದ್ದಾಗಿದೆ, ಅದು ನಾಳೆಗೆ ಬೇಕಿಲ್ಲ. ಬೇಕಾದದ್ದು ಗುದ್ದಲಿ, ಬುಟ್ಟಿ, ಹಗ್ಗ, ಒಂದು ಲಾಟೀನು. ಹಗ್ಗ ಹಿಡಿಯಲು ಮುನಿತಾಯಮ್ಮ ಬರುತ್ತಾರೆ. ತಳದಲ್ಲಿ ಮೊಣಕಾಲುದ್ದ ನೀರಿದೆ, ಅದರಡಿ ಎರಡು ಮೊಳ ಹೂಳು, ಆಮೇಲೆ ಕಲ್ಲು. ಪಡುವಣ ಗೋಡೆಯ ಬದಿಯಲ್ಲಷ್ಟೇ ತೋಡಿದರೆ ಸಾಕು. ಬುಧವಾರ ಬೆಳಿಗ್ಗೆ ಐದೂವರೆಗೆ ಚಿಕ್ಕಹನುಮಯ್ಯ ಇಳಿಯುತ್ತಾರೆ. ಎಂಟಕ್ಕೆ ಮೊದಲ ಲಾರಿ ಬರುತ್ತದೆ.